ಕಿರುತೆರೆಯ ರಿಯಾಲಿಟಿ ಷೋಗಳೂ ಸ್ವೋಪಜ್ಞತೆಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಥ ವೇದಿಕೆಯಿಂದ ಪಂಪ, ರನ್ನ, ಕುಮಾರವ್ಯಾಸರನ್ನು ಕುರಿತು ಭಾಷಣಗಳು ನಡೆಯುವುದು ವಾಡಿಕೆ. ಅಂಥಲ್ಲಿ ನಾವು ಕಿರುತೆರೆಯ ರಿಯಾಲಿಟಿ ಷೋಗಳನ್ನು ವಿಷಯವಾಗಿ ಎತ್ತಿಕೊಂಡುದಕ್ಕೆ ಕೆಲವರಾದರೂ ಹುಬ್ಬೇರಿಸಿರಬಹುದು. ಒಂದು ಸಣ್ಣ ಲೆಕ್ಕವನ್ನು ಸಭೆಯ ಮುಂದಿಡುತ್ತೇವೆ. ಶಾಲೆಯಲ್ಲಿ ಕನ್ನಡ ಪಾಠಕ್ಕೆ ದೊರೆಯುವುದು ದಿನಕ್ಕೆ ಹೆಚ್ಚೆಂದರೆ ಮುಕ್ಕಾಲು ಗಂಟೆ. ಸಂಜೆ ದೀಪ ಹಚ್ಚಿದಲ್ಲಿಂದ ರಾತ್ರಿಯ ಊಟ ಮುಗಿಯುವ ತನಕ ಮನೆಯ ಚಾವಡಿಯಲ್ಲಿ ಮಾತಾಡುತ್ತಿರುವುದು ಟೆಲಿವಿಷನ್. ಬೀದಿಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಕನ್ನಡ ಅಪರೂಪವಾಗುತ್ತಿರುವ ನಮ್ಮ ಗಡಿನಾಡಿನ ಮಕ್ಕಳ ಕಿವಿಗೆ ಕನ್ನಡ ಧಾರಾಳವಾಗಿ ಬೀಳುವುದು ಅದರಿಂದಲೇ. ಹೀಗಿರಲು ಆ ಪೆಟ್ಟಿಗೆ ಆಡುವ ಮಾತು ಅದರ ಸ್ವಂತದ್ದೋ ಪರರದೋ ಎಂದು ವಿಚಾರಿಸುವುದು ಸಾಹಿತ್ಯಕ್ಕೆ ಹೊರಗಾದ ಕೆಲಸವೆಂದು ನಾವು ತಿಳಿಯುವುದಿಲ್ಲ.

ರಿಯಾಲಿಟಿ ಷೋ ಎಂದರೆ ಸ್ಥೂಲವಾಗಿ ಇಷ್ಟು: ಬರೆದಿಟ್ಟ ನಾಟಕವಿಲ್ಲ, ಪಾತ್ರ ಕಟ್ಟುವ ನಟರಿಲ್ಲ. ಜನರು ತಾವು ತಾವಾಗಿಯೇ ಕ್ಯಾಮೆರಾದ ಮುಂದೆ ಹಾಡುತ್ತಾರೆ, ಕುಣಿಯುತ್ತಾರೆ, ಅಡುಗೆ ಮಾಡುತ್ತಾರೆ, ಪ್ರಶ್ನೆಗಳಿಗೆ ಉತ್ತರಿಸುತ್ತಾರೆ, ಇಲ್ಲವೆ ಒಂದು ಮನೆಯೊಳಗೆ ಕೂಡಿ ಬಾಳುತ್ತಾರೆ. ಒಬ್ಬೊಬ್ಬರಾಗಿ ಕಳಚಿ ಕೊನೆಗೆ ಒಬ್ಬರು ಗೆಲ್ಲುತ್ತಾರೆ. ಹೆಸರೇ ‘ವಾಸ್ತವ’. ವಾಸ್ತವವೆಂಬುದು ಊರಿಂದೂರಿಗೆ, ನುಡಿಯಿಂದ ನುಡಿಗೆ ಬೇರೆಯಾಗಿರಬೇಕಷ್ಟೆ? ನಮ್ಮ ಶಂಕೆ ಹುಟ್ಟುವುದು ಇಲ್ಲಿಂದಲೇ.

ಈ ಶಂಕೆಯನ್ನು ಪರೀಕ್ಷಿಸಲು ಗಡಿನಾಡಿನವರಾದ ನಮಗೊಂದು ಸೌಕರ್ಯವುಂಟು. ಕಾಸರಗೋಡಿನ ಮನೆಗಳಿಗೆ ಕನ್ನಡದ ವಾಹಿನಿಗಳೂ ಬರುತ್ತವೆ, ಮಲೆಯಾಳದ ವಾಹಿನಿಗಳೂ ಬರುತ್ತವೆ. ರಿಮೋಟಿನ ಒಂದು ಗುಂಡಿ ಒತ್ತಿ ಕನ್ನಡದ ‘ಬಿಗ್ ಬಾಸ್’ ನೋಡಿರಿ; ಇನ್ನೊಂದನ್ನು ಒತ್ತಿ ಮಲೆಯಾಳದ್ದನ್ನು ನೋಡಿರಿ. ಅದೇ ದೊಡ್ಡ ಕಣ್ಣಿನ ಲಾಂಛನ, ಅದೇ ಮುಖ ಕಾಣದ ಗಂಭೀರ ಧ್ವನಿ, ಅದೇ ಗುಟ್ಟಿನ ಕೋಣೆ, ವಾರಾಂತ್ಯಕ್ಕೆ ತಾರೆಯೊಬ್ಬರು ಬಂದು ನಡೆಸುವ ಅದೇ ನ್ಯಾಯಪಂಚಾಯಿತಿ. ಬದಲಾದುದು ಮಾತೊಂದೇ. ಹೊಸೂರಿನ ಕನ್ನಡಿಗರು ತಮಿಳಿನಲ್ಲಿಯೂ, ಸೊಲ್ಲಾಪುರದವರು ಮರಾಠಿಯಲ್ಲಿಯೂ, ಆದೋನಿಯವರು ತೆಲುಗಿನಲ್ಲಿಯೂ ಇದನ್ನೇ ಕಾಣುವರು. ಒಳನಾಡಿನವರಿಗೆ ವಾದ ಹೂಡಿ ತಿಳಿಸಬೇಕಾದ ಸಂಗತಿ ನಮಗೆ ಕಣ್ಣೆದುರಿನ ಪ್ರತ್ಯಕ್ಷ.

ಇದರ ವಂಶಾವಳಿಯನ್ನು ಸ್ವಲ್ಪ ಬಿಡಿಸೋಣ. ‘ಬಿಗ್ ಬ್ರದರ್’ ಎಂಬ ಹೆಸರಿನಿಂದ ಈ ಆಟ 1999ರಲ್ಲಿ ನೆದರ್‌ಲೆಂಡ್ಸ್ ದೇಶದಲ್ಲಿ ಮೊದಲಾಯಿತು. ಅಲ್ಲಿಂದ ಐವತ್ತಕ್ಕೂ ಹೆಚ್ಚು ದೇಶಗಳಿಗೆ ಮಾರಾಟವಾಗಿ, ‘ಬಿಗ್ ಬಾಸ್’ ಎಂಬ ಹೆಸರು ಹೊತ್ತು 2006ರಲ್ಲಿ ಹಿಂದಿಗೆ, 2013ರಲ್ಲಿ ಸುದೀಪರ ನಿರೂಪಣೆಯಲ್ಲಿ ಕನ್ನಡಕ್ಕೆ, 2017ರಲ್ಲಿ ತಮಿಳು ತೆಲುಗುಗಳಿಗೆ, 2018ರಲ್ಲಿ ಮಲೆಯಾಳ ಮರಾಠಿಗಳಿಗೆ ಬಂತು. ಮೂಲದ ಹೆಸರಾದರೂ ಆ ಡಚ್ಚರ ಸ್ವಂತದ್ದಲ್ಲ. 1949ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ಲನ ‘1984’ ಎಂಬ ಕಾದಂಬರಿಯಲ್ಲಿ ಪ್ರಜೆಗಳ ಉಸಿರಾಟವನ್ನೂ ಬಿಡದೆ ಕಾಯುವ ಸರ್ವಾಧಿಕಾರಿಯ ಹೆಸರದು. ಲೇಖಕನು ಎಚ್ಚರಿಕೆಯಾಗಿ ಕಂಡದ್ದು ವಿನೋದವಾಯಿತು. ನಮ್ಮಲ್ಲಿಗೆ ಬರುವಾಗ ಆ ಹೆಸರೂ ಕಳಚಿ ಬಿದ್ದು, ಕಣ್ಣು ಮಾತ್ರ ಉಳಿಯಿತು.

ಇನ್ನೊಂದು ‘ಕೋಟ್ಯಧಿಪತಿ’. 1998ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ರಸಪ್ರಶ್ನೆಯ ಆಟ 2000ದಲ್ಲಿ ಅಮಿತಾಭ್ ಬಚ್ಚನ್ನರೊಡನೆ ಹಿಂದಿಗೂ, 2012ರಲ್ಲಿ ಪುನೀತ್ ರಾಜ್‌ಕುಮಾರರೊಡನೆ ಕನ್ನಡಕ್ಕೂ ಬಂತು. ಅದೇ ವರ್ಷ ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಅದು ತೆರೆಯನ್ನೇರಿತು. ಇಳಿದು ಬರುವ ಬೆಳಕು, ಎದೆಬಡಿತದಂಥ ಸಂಗೀತ, ಎದುರುಬದುರು ಕುರ್ಚಿ, ಗೆಳೆಯನಿಗೆ ಫೋನು ಎಲ್ಲವೂ ಮೂಲದ್ದೇ. ಮಿಕ್ಕವನ್ನು ಹೆಸರಿಸಿ ಸಾಗಿದರೆ ಸಾಕು: 2001ರ ‘ಪಾಪ್ ಐಡಲ್’ 2004ರಲ್ಲಿ ‘ಇಂಡಿಯನ್ ಐಡಲ್’ ಆಯಿತು, 1990ರ ‘ಮಾಸ್ಟರ್‌ಷೆಫ್’ 2010ರಲ್ಲಿ ಭಾರತಕ್ಕೆ ಬಂತು, ಕುಣಿತದ್ದು, ಸಾಹಸದ್ದು, ಪ್ರತಿಭಾಪ್ರದರ್ಶನದ್ದು ಎಂದು ಪಟ್ಟಿ ಬೆಳೆಯುತ್ತದೆ.

ಹೀಗೇಕಾಗುತ್ತದೆ? ನಮ್ಮವರಿಗೆ ಬುದ್ಧಿಯಿಲ್ಲವೆಂದಲ್ಲ. ಇದೊಂದು ವ್ಯಾಪಾರ. ಹೊಸ ಕಲ್ಪನೆಯೊಂದನ್ನು ಕಟ್ಟಿ ಪರೀಕ್ಷಿಸಲು ಹಣವೂ ಕಾಲವೂ ಬೇಕು, ಸೋತರೆ ನಷ್ಟ. ಬೇರೆ ದೇಶದಲ್ಲಿ ಗೆದ್ದು ಬಂದ ಮಾದರಿಗಾದರೆ ಜಾಹೀರಾತು ಕೊಡುವವರು ಧೈರ್ಯದಿಂದ ಮುಂದೆ ಬರುತ್ತಾರೆ. ಆದ್ದರಿಂದ ಮಾದರಿಯ ಒಡೆಯರಿಗೆ ಹಣ ತೆತ್ತು ಪರವಾನಗಿ ಪಡೆಯುತ್ತಾರೆ. ಪರವಾನಗಿಯೊಡನೆ ದಪ್ಪನೆಯ ಕೈಪಿಡಿಯೊಂದು ಬರುತ್ತದೆ. ಆ ಕಸುಬಿನವರು ಅದನ್ನು ‘ಬೈಬಲ್’ ಎಂದೇ ಕರೆಯುತ್ತಾರೆ. ರಂಗಸಜ್ಜಿಕೆ ಹೇಗಿರಬೇಕು, ದೀಪ ಯಾವಾಗ ಮಂಕಾಗಬೇಕು, ಸಂಗೀತ ಎಲ್ಲಿ ಏರಬೇಕು ಎಂಬೆಲ್ಲ ವಿಧಿಗಳು ಅದರಲ್ಲಿರುತ್ತವೆ. ಪರವಾನಗಿಯಿಲ್ಲದೆ ಹೋಲುವಂತೆ ಮಾಡುವವರೂ ಇಲ್ಲದಿಲ್ಲ. ಕೇವಲ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಗೆ ಮಾತ್ರ ಉಂಟು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿಯೇ ಹೇಳಿದೆ. ಮೇಲಾಗಿ ಅನೇಕ ಭಾಷೆಗಳ ವಾಹಿನಿಗಳು ಒಂದೇ ಸಂಸ್ಥೆಯ ಕೈಯಲ್ಲಿವೆ. 2024ರಲ್ಲಿ ಸ್ಟಾರ್ ಮತ್ತು ವಯಾಕಾಂ 18 ಒಂದುಗೂಡಿದ ಮೇಲಂತೂ ಈ ಕೈ ಇನ್ನಷ್ಟು ದೊಡ್ಡದಾಗಿದೆ. ಒಂದು ಅಚ್ಚಿನಿಂದ ಆರು ಭಾಷೆಗಳ ಬೆಲ್ಲ ತೆಗೆಯುವುದು ಲಾಭಕರವೆಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಪ್ರಾಜ್ಞರು ಒಂದು ಆಕ್ಷೇಪವನ್ನು ಎತ್ತಬಹುದು: ‘ಪರರಿಂದ ಪಡೆಯುವುದು ಕನ್ನಡಕ್ಕೆ ಹೊಸತೆ? ನಮ್ಮ ಸಾಹಿತ್ಯವೇ ಹಾಗೆ ಬೆಳೆದುದಲ್ಲವೆ?’ ಆಕ್ಷೇಪ ಸರಿಯಾದುದು. ಉತ್ತರವೂ ಅದರೊಳಗೇ ಇದೆ. ‘ಕವಿರಾಜಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ಕ್ಕೆ ಬಹಳ ಋಣಿ. ಆದರೆ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನೂ ಆ ನಾಡವರ ನುಡಿಯ ಬೆಡಗನ್ನೂ ಅದು ದಂಡಿಯಿಂದ ಪಡೆಯಲಿಲ್ಲ. ಪಂಪನು ವ್ಯಾಸರ ಕಥೆಯನ್ನು ತೆಗೆದುಕೊಂಡು ಅರ್ಜುನನಲ್ಲಿ ತನ್ನ ಅರಿಕೇಸರಿಯನ್ನು ಕಂಡನು. ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸ್ ಕವಿಯ ಗ್ರೀಕ್ ವೀರ ಏಜಾಕ್ಸನನ್ನು ಕುರುಕ್ಷೇತ್ರಕ್ಕೆ ಕರೆತಂದು ಅಶ್ವತ್ಥಾಮನನ್ನಾಗಿ ಮಾಡಿದರು. ಇವರಾರಿಗೂ ಮೂಲದ ಒಡೆಯನು ಕೈಪಿಡಿ ಕಳುಹಿಸಿರಲಿಲ್ಲ. ಪಡೆದುದನ್ನು ಒಡೆದು, ಕರಗಿಸಿ, ಬೇರೆ ಎರಕ ಹೊಯ್ಯುವ ಸ್ವಾತಂತ್ರ್ಯ ಅವರಿಗಿತ್ತು. ಬೀಜ ತಂದು ನಮ್ಮ ಮಣ್ಣಿನಲ್ಲಿ ಬಿತ್ತುವುದು ಒಂದು. ಬಾಡಿಗೆಯ ಮನೆಯಲ್ಲಿ ವಾಸಿಸುವುದು ಇನ್ನೊಂದು. ಬಾಡಿಗೆಯ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಒಡೆಯನ ಅಪ್ಪಣೆ ಬೇಕು. ಕಿರುತೆರೆಯ ವಿಷಯದಲ್ಲಿ ನಮ್ಮ ದೂರು ಪಡೆದುದಕ್ಕಲ್ಲ, ಪಡೆದುದನ್ನು ನಮ್ಮದಾಗಿಸಿಕೊಳ್ಳದೆ ಹೋದುದಕ್ಕೆ.

ನಮ್ಮ ಸ್ವಂತದ ಯತ್ನಗಳೇ ಇರಲಿಲ್ಲವೆಂದರೆ ಅದು ಅನ್ಯಾಯದ ಮಾತಾದೀತು. ‘ಐಡಲ್’ ಹುಟ್ಟುವುದಕ್ಕೆ ಆರು ವರ್ಷ ಮೊದಲೇ, 1995ರಲ್ಲಿ, ಝೀ ವಾಹಿನಿ ‘ಸ ರಿ ಗ ಮ’ ಎಂಬ ಹಾಡುಗಾರಿಕೆಯ ಸ್ಪರ್ಧೆಯನ್ನು ಆರಂಭಿಸಿತ್ತು. ಸಂಗೀತ ಬಲ್ಲ ಹಿರಿಯರು ಕುಳಿತು ತಿದ್ದುತ್ತಿದ್ದ ಆ ಸ್ಪರ್ಧೆಯೂ ಮುಂದೆ ‘ಐಡಲ್’ನ ದಾರಿ ಹಿಡಿದು ಮೊಬೈಲ್ ಮತಗಳ ಎಣಿಕೆಗೂ ಕಣ್ಣೀರಿನ ಕಥೆಗಳಿಗೂ ಇಳಿಯಿತು. ಮೊದಲು ಹುಟ್ಟಿದ್ದು ಆಮೇಲೆ ಬಂದದ್ದನ್ನು ಅನುಕರಿಸಿದುದು ವಿಪರ್ಯಾಸವೇ ಸರಿ. ಕನ್ನಡದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಹಾಡು ಕಟ್ಟಿದ ಕವಿಯನ್ನೂ ರಾಗ ಹಾಕಿದವರನ್ನೂ ನೆನೆದು, ಮಕ್ಕಳ ಉಚ್ಚಾರವನ್ನು ಮೆಲ್ಲನೆ ತಿದ್ದುತ್ತಿದ್ದರು. ಅವರ ಮನೆಮಾತು ತೆಲುಗು. ಅವರು ತಿದ್ದುತ್ತಿದ್ದುದು ಕನ್ನಡದ ಅಲ್ಪಪ್ರಾಣ ಮಹಾಪ್ರಾಣಗಳನ್ನು! ಇನ್ನು ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಮೊದಲಾದ, ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’. ಅದೂ ರಸಪ್ರಶ್ನೆಯೇ. ಕೋಟಿಯಿಲ್ಲ, ಎದೆಬಡಿತದ ಸಂಗೀತವಿಲ್ಲ. ಸರಿಯುತ್ತರಕ್ಕೆ ಬಹುಮಾನ ಒಂದು ಕನ್ನಡ ಪುಸ್ತಕ. ಈ ಸಾದಾ ಆಟ ಸಾವಿರಾರು ಕಂತುಗಳನ್ನು ಕಂಡಿದೆ. ಸ್ವಂತಿಕೆಗೆ ಭಾರಿ ಬಂಡವಾಳ ಬೇಕೆಂಬವರಿಗೆ ಇದಕ್ಕಿಂತ ಉತ್ತರ ಬೇಕೆ?

ಬಾಡಿಗೆಯ ಚೌಕಟ್ಟಿನೊಳಗೂ ಒಮ್ಮೊಮ್ಮೆ ನಮ್ಮ ಜೀವ ಮಿಡಿಯುವುದುಂಟು. ಹಾವೇರಿ ಜಿಲ್ಲೆಯ ಕುರಿಗಾಹಿ ಯುವಕ ಹನುಮಂತ ಹಾಡಿನ ಸ್ಪರ್ಧೆಯಿಂದ ಹೆಸರಾಗಿ, 2025ರ ಜನವರಿಯಲ್ಲಿ ‘ಬಿಗ್ ಬಾಸ್’ ಕನ್ನಡದ 11ನೆಯ ಆವೃತ್ತಿಯನ್ನು ಗೆದ್ದುದನ್ನು ನೀವು ಬಲ್ಲಿರಿ. ಜನ ಮೆಚ್ಚಿದ್ದು ಅವನ ಸೀಮೆಯ ಮಾತನ್ನು, ಜನಪದ ಹಾಡನ್ನು, ಒಗರಿಲ್ಲದ ನಗುವನ್ನು. ಇವಾವುವೂ ಆ ಕೈಪಿಡಿಯಲ್ಲಿ ಬರೆದಿರಲಿಲ್ಲ. ಹಳ್ಳಿಯ ಪ್ರತಿಭೆಗೆ ಬಾಗಿಲು ತೆರೆದ ಪುಣ್ಯ ಈ ಕಾರ್ಯಕ್ರಮಗಳಿಗೆ ಸಲ್ಲಬೇಕು. ಆದರೆ ನೋಡುಗರಿಗೆ ಬೇಕಾದುದು ಸ್ವಂತದ್ದೇ ಎಂಬುದಕ್ಕೂ ಇದೇ ಸಾಕ್ಷಿ.

ಮಹನೀಯರೇ, ಸ್ವೋಪಜ್ಞತೆ ತಪ್ಪಿದರೆ ನಷ್ಟವೇನು ಎಂದು ಕೇಳಬಹುದು. ಟಾಸ್ಕ್, ನಾಮಿನೇಷನ್, ಎಲಿಮಿನೇಷನ್ ಎಂಬ ಮಾತುಗಳು ನಮ್ಮ ಮಕ್ಕಳ ಬಾಯಲ್ಲಿ ನಲಿಯುತ್ತಿವೆ. ಪರಭಾಷೆಯ ಶಬ್ದಗಳ ಮೇಲೆ ನಮಗೆ ಹಗೆಯಿಲ್ಲ. ಬಸ್ಸು, ರೈಲುಗಳನ್ನು ಕನ್ನಡ ಜೀರ್ಣಿಸಿಕೊಂಡಿದೆ. ಇಲ್ಲಿ ಗಮನಿಸಬೇಕಾದುದು ಬೇರೆ. ಆಟ ಇಲ್ಲಿ ಹುಟ್ಟಿದ್ದರೆ ಅದರ ಮಾತೂ ಇಲ್ಲೇ ಹುಟ್ಟುತ್ತಿತ್ತು. ಚೆನ್ನೆಮಣೆಗೆ, ಲಗೋರಿಗೆ ಹೆಸರಿಡಲು ನಾವು ಯಾರನ್ನೂ ಕೇಳಲಿಲ್ಲ. ಇನ್ನೂ ಆಳದ ನಷ್ಟವೊಂದಿದೆ. ಎಲ್ಲವೂ ಬೇರೆಲ್ಲೋ ಸಿದ್ಧವಾಗಿ ಬಂದು ಕಡೆಗೆ ಕನ್ನಡದ ಲೇಪ ಪಡೆಯುವುದನ್ನೇ ನೋಡುತ್ತ ಬೆಳೆದ ಮಗು, ಕನ್ನಡವೆಂದರೆ ಒಳಕ್ಕೆ ಬರುವ ಬಾಗಿಲು ಮಾತ್ರ, ಅದರಿಂದ ಹೊರಕ್ಕೆ ಹೋಗುವುದೇನೂ ಇಲ್ಲ ಎಂದು ನಂಬಿಬಿಡುತ್ತದೆ. ಕನ್ನಡ ಶಾಲೆಗೆ ಏಕೆ ಹೋಗಬೇಕೆಂದು ದಿನವೂ ನೆರೆಹೊರೆಯಿಂದ ಕೇಳಿಸಿಕೊಳ್ಳುವ ಗಡಿನಾಡಿನ ಮಗುವಿಗೆ ಈ ನಂಬಿಕೆ ಬಲು ಅಪಾಯದ್ದು.

ಆ ಮಗುವಿಗೆ ತೋರಿಸಲು ನಮ್ಮಲ್ಲಿ ಏನಿದೆ? ಮಳೆಗಾಲದ ತಾಳಮದ್ದಳೆಯಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಣ್ಣದ ಬೆಳಕಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಚೆಂಡೆ ಮದ್ದಳೆಗಳು ನುಡಿಯುತ್ತವೆ, ಅರ್ಥಧಾರಿಗಳು ಕುಳಿತಲ್ಲಿಂದಲೇ ಅರ್ಥ ಹೇಳುತ್ತಾರೆ. ಕಥೆ ಎಲ್ಲರಿಗೂ ಗೊತ್ತು, ಪದವೂ ಗೊತ್ತು. ಎದುರು ಕುಳಿತವರು ಯಾವ ಪ್ರಶ್ನೆ ಎಸೆಯುವರೆಂಬುದು ಮಾತ್ರ ಗೊತ್ತಿಲ್ಲ. ‘ವಾಲಿವಧೆ’ಯಲ್ಲಿ ಬಾಣ ತಗಲಿ ಬಿದ್ದ ವಾಲಿಯು ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ರಾಮನ ಅರ್ಥ ಹೇಳುವವರು ಆ ಗಳಿಗೆಯಲ್ಲಿಯೇ, ಪಾತ್ರ ಕೆಡದಂತೆ, ಶಾಸ್ತ್ರ ತಪ್ಪದಂತೆ, ಕನ್ನಡ ಎಡವದಂತೆ ಉತ್ತರ ಕಟ್ಟಬೇಕು. ಇಂದಿನ ರಾಮನ ಉತ್ತರ ನಾಳೆಯ ರಾಮನದಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಅರ್ಥಕ್ಕೆ ಕುಳಿತರೆಂದರೆ ಜನ ರಾತ್ರಿಯಿಡೀ ಮಿಸುಕದೆ ಕೇಳುತ್ತಿದ್ದುದು ಇದಕ್ಕಾಗಿಯೇ. ಬರೆದಿಡದ, ಆ ಕ್ಷಣದಲ್ಲೇ ಹುಟ್ಟುವ ಮಾತು ‘ರಿಯಾಲಿಟಿ’ಯಾದರೆ, ಇದಕ್ಕಿಂತ ನಿಜವಾದ ರಿಯಾಲಿಟಿ ಷೋ ಯಾವುದು? ಪೃಚ್ಛಕರ ನಡುವೆ ಕುಳಿತು ಪದ್ಯ ಕಟ್ಟುವ ಅಷ್ಟಾವಧಾನ, ಉತ್ತರದ ಸೀಮೆಯಲ್ಲಿ ಹಾಡಿನಲ್ಲೇ ಸವಾಲು ಜವಾಬು ನಡೆಸುವ ಕಲ್ಗಿ ತುರಾ ಮೇಳಗಳು, ಇವೆಲ್ಲ ಅದೇ ಬಳಗದವು.

ತಾಳಮದ್ದಳೆಯನ್ನು ಹಾಗೆಯೇ ಎತ್ತಿ ಗಾಜಿನ ಮನೆಯಲ್ಲಿಡಿರೆಂದು ನಾವು ಹೇಳುತ್ತಿಲ್ಲ; ಅದು ಇನ್ನೊಂದು ಬಗೆಯ ಅನುಕರಣವಾದೀತು. ಅದರ ತತ್ತ್ವವನ್ನು ಅರಿತು ಕಿರುತೆರೆಗೆ ತಕ್ಕ ಹೊಸ ರೂಪವನ್ನು ಕಲ್ಪಿಸುವ ತರುಣರು ನಮಗೆ ಬೇಕು. ಅದಕ್ಕೆ ನೆಲ ಹದಮಾಡುವ ಕೆಲಸ ನಮ್ಮ ಕೈಯಲ್ಲಿದೆ. ಶಾಲೆಗಳ ವಾರ್ಷಿಕೋತ್ಸವಗಳಲ್ಲಿಯೂ ಕಿರುತೆರೆಯ ಹಾಸ್ಯ, ಕಿರುತೆರೆಯ ಕುಣಿತ, ಕಿರುತೆರೆಯ ತೀರ್ಪುಗಾರರ ಭಂಗಿಗಳೇ ಕಾಣುತ್ತಿವೆ. ಅನುಕರಣದ ಅನುಕರಣಕ್ಕೆ ನಾವೇ ಚಪ್ಪಾಳೆ ತಟ್ಟಿದರೆ ಮಕ್ಕಳು ಬೇರೆ ಏನನ್ನು ಕಲಿತಾರು? ಮುಂದಿನ ವರ್ಷದ ಉತ್ಸವದಲ್ಲಿ ಒಂದು ಸಂಜೆಯನ್ನು ವಿದ್ಯಾರ್ಥಿಗಳ ತಾಳಮದ್ದಳೆಗೂ ಆಶುಭಾಷಣಕ್ಕೂ ಮೀಸಲಿಡಬೇಕೆಂದು ಸಂಘದ ಹಿರಿಯರಲ್ಲಿ ವಿನಂತಿಸುತ್ತೇವೆ. ಬಹುಮಾನ ಪುಸ್ತಕವಾಗಲಿ. ಬಾಯಿಪಾಠ ಒಪ್ಪಿಸಿದವರಿಗಲ್ಲ, ಸ್ವಂತ ಮಾತು ಕಟ್ಟಿದವರಿಗೆ ಅದು ಸಲ್ಲಲಿ. ತಾಯಿತಂದೆಯರು ಮನೆಯಲ್ಲಿ ಟೆಲಿವಿಷನ್ ಆರಿಸಬೇಕೆಂದು ನಾವು ಹೇಳುವುದಿಲ್ಲ. ಮಕ್ಕಳ ಜೊತೆಗೆ ಕುಳಿತು, ‘ಇದು ಎಲ್ಲಿಂದ ಬಂತು ಮಗಾ? ನೀನಾದರೆ ಹೇಗೆ ಮಾಡುತ್ತಿದ್ದೆ?’ ಎಂದು ಒಂದು ಮಾತು ಕೇಳಿದರೆ ಸಾಕು.

ಈ ಗಡಿಯ ನೆಲ ಕೇವಲ ಪಡೆದುಕೊಂಡ ನೆಲವಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸದ ಶತಶತಮಾನಗಳ ಕಟ್ಟಳೆಯನ್ನು ಬಿಟ್ಟುಕೊಟ್ಟು ಕವಿತೆ ಬರೆದರು. ಆಗ ಆಕ್ಷೇಪಿಸಿದವರುಂಟು, ಕಡೆಗೆ ಕನ್ನಡ ಕಾವ್ಯವೆಲ್ಲ ಆ ದಾರಿಯಲ್ಲಿ ನಡೆಯಿತು. ನಾಡಿನ ಅಂಚಿನಿಂದ ಹೊರಟ ಹೊಸತು ನಾಡಿನ ನಡುವನ್ನು ಮುಟ್ಟಿತು. ನಮ್ಮ ಶಾಲೆಗಳ ಬೆಂಚುಗಳ ಮೇಲೆ ಕುಳಿತಿರುವ ಮಕ್ಕಳಲ್ಲಿ ಯಾರೋ ಒಬ್ಬರು ನಾಳೆ ಕಿರುತೆರೆಗೂ ಅಂಥದೊಂದನ್ನು ಕೊಡಲಿ. ಇತರ ಭಾಷೆಯವರು ಅದನ್ನು ನಮ್ಮಿಂದ ಬೇಡಿ ಪಡೆಯುವಂತಾಗಲಿ ಎಂದು ಹಾರೈಸುತ್ತೇವೆ.