ಬಿಗ್ ಬ್ಯಾಂಗ್ ದೇವರಿಗೆ ಸಾಕ್ಷಿಯಾ? ಅದನ್ನು ಮೊದಲು ಹೇಳಿದ ಪಾದ್ರಿಯ ಉತ್ತರ

ಇವತ್ತಿನ ವಿಷಯ ಆಧುನಿಕ ಭೌತವಿಜ್ಞಾನ ಮತ್ತು ಕ್ರೈಸ್ತ ವಿಶ್ವಾಸ. ಎರಡರ ನಡುವೆ ಹೋಲಿಕೆ ಇದೆಯಾ? ಇದ್ದರೆ ಎಲ್ಲಿಯವರೆಗೆ?

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಕ್ರೈಸ್ತ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ಕೆಲಸ ಸಾಫ್ಟ್‌ವೇರ್. ಆದ್ದರಿಂದ ಇದು ಒಬ್ಬ ವಿಶ್ವಾಸಿ ಇಂಜಿನಿಯರ್ ಆಡುವ ಮಾತು ಅಂತ ತಿಳ್ಕೊಂಡು ಕೇಳಿ.

ನಮ್ಮೆಲ್ಲರ ಫ್ಯಾಮಿಲಿ ಗ್ರೂಪಿಗೂ ಒಂದು ಜಾತಿಯ ಫಾರ್ವರ್ಡ್ ಬರುತ್ತೆ. ವಿಜ್ಞಾನಿಗಳು ಈಗ ಕಂಡುಹಿಡಿದದ್ದು ನಮ್ಮ ಶಾಸ್ತ್ರದಲ್ಲಿ ಯಾವತ್ತೋ ಬರೆದಿತ್ತು ಅಂತ. ಧರ್ಮ ಯಾವುದಾದರೂ ಆಗಲಿ, ಶಾಸ್ತ್ರದ ಹೆಸರೊಂದು ಬದಲಾಗುತ್ತೆ, ಅಷ್ಟೆ. ನಮ್ಮ ಕಡೆಯ ಗ್ರೂಪುಗಳಲ್ಲಿ ಬರೋದು ಎರಡು. ಒಂದು, ಬಿಗ್ ಬ್ಯಾಂಗ್ ಆಗಿದೆ ಅಂದರೆ ಆದಿಕಾಂಡ ಸಾಬೀತಾಯಿತು. ಇನ್ನೊಂದು, ‘ಗಾಡ್ ಪಾರ್ಟಿಕಲ್’ ಸಿಕ್ಕಿದೆ ಅಂದರೆ ದೇವರು ಸಿಕ್ಕಿದ ಹಾಗೆ.

ಎರಡನೆಯದನ್ನು ಬೇಗ ಮುಗಿಸಬಹುದು. ಆ ಹೆಸರು ಲಿಯಾನ್ ಲೆಡರ್‌ಮನ್ ಎಂಬ ಭೌತವಿಜ್ಞಾನಿ 1993ರಲ್ಲಿ ತಂದ ಒಂದು ಪುಸ್ತಕದ ಶೀರ್ಷಿಕೆಯಿಂದ ಬಂದದ್ದು. 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್‌ನಲ್ಲಿ ಪ್ರಕಟಿಸಿದ್ದು ಹಿಗ್ಸ್ ಬೋಸಾನ್ ಎಂಬ ಕಣದ ವಿಚಾರ. ಎಲೆಕ್ಟ್ರಾನಿನಂಥ ಮೂಲಕಣಗಳಿಗೆ ದ್ರವ್ಯರಾಶಿ ಹೇಗೆ ಬರುತ್ತೆ ಅನ್ನೋದನ್ನು ಅದು ವಿವರಿಸುತ್ತೆ. ದೇವರ ವಿಷಯ ಆ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಮೊದಲನೆಯದು ಅಷ್ಟು ಸುಲಭ ಅಲ್ಲ. ಯಾಕಂದ್ರೆ ವಿಶ್ವಕ್ಕೆ ಒಂದು ಆರಂಭ ಇತ್ತು ಅಂತ ಭೌತವಿಜ್ಞಾನದ ಭಾಷೆಯಲ್ಲಿ ಹೇಳಿದವರೇ ಒಬ್ಬ ಕ್ಯಾಥೋಲಿಕ್ ಪಾದ್ರಿ. ಹೆಸರು ಜಾರ್ಜ್ ಲೆಮೈತ್ರ್. ಹುಟ್ಟಿದ್ದು 1894ರಲ್ಲಿ, ಬೆಲ್ಜಿಯಂನಲ್ಲಿ. ನಮ್ಮ ಹಾಗೇ ಇಂಜಿನಿಯರಿಂಗ್ ಓದ್ತಾ ಇದ್ದ ಹುಡುಗ. 1914ರಲ್ಲಿ ಮಹಾಯುದ್ಧ ಶುರುವಾದಾಗ ಓದು ಬಿಟ್ಟು ಸೈನ್ಯ ಸೇರಿದರು. ವಾಪಸ್ ಬಂದ ಮೇಲೆ ಇಂಜಿನಿಯರಿಂಗ್ ಬಿಟ್ಟು ಗಣಿತ, ಭೌತವಿಜ್ಞಾನ ಹಿಡಿದರು, ಜೊತೆಗೆ ಸೆಮಿನರಿಯನ್ನೂ ಸೇರಿದರು. 1923ರಲ್ಲಿ ಗುರುದೀಕ್ಷೆ ಆಯಿತು. ಆ ವರ್ಷವೇ ಕೇಂಬ್ರಿಜ್‌ಗೆ ಹೋಗಿ ಎಡಿಂಗ್ಟನ್ ಅವರ ಹತ್ತಿರ ಕಲಿತರು, ಅಲ್ಲಿಂದ ಅಮೆರಿಕಕ್ಕೆ.

1927ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಐನ್‌ಸ್ಟೈನ್ ಅವರ ಸಮೀಕರಣಗಳ ಪ್ರಕಾರ ವಿಶ್ವ ಹಿಗ್ಗುತ್ತಾ ಇರಬಹುದು, ದೂರದ ಗೆಲಾಕ್ಸಿಗಳು ಹೆಚ್ಚು ವೇಗವಾಗಿ ನಮ್ಮಿಂದ ಸರಿಯೋದು ಅದಕ್ಕೇ ಅನ್ನೋದು ಅದರ ಸಾರ. ಹಿಗ್ಗುವ ದರವನ್ನೂ ಅಂದಾಜು ಮಾಡಿದ್ದರು. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಸಿಕ್ಕ ಐನ್‌ಸ್ಟೈನ್, ಲೆಕ್ಕ ಸರಿ ಇದೆ, ಆದರೆ ಭೌತವಿಜ್ಞಾನ ಒಪ್ಪುವ ಹಾಗಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. 1929ರಲ್ಲಿ ಹಬಲ್ ಅವರ ಅಳತೆಗಳು ಬಂದವು. 1931ರಲ್ಲಿ ಲೆಮೈತ್ರ್ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಬರೆದು, ಇಡೀ ವಿಶ್ವ ಒಂದೇ ಒಂದು ಕ್ವಾಂಟಮ್‌ನಿಂದ ಶುರುವಾಗಿರಬಹುದು ಅಂದರು. ‘ಬಿಗ್ ಬ್ಯಾಂಗ್’ ಅನ್ನೋ ಹೆಸರು ಕೊಟ್ಟದ್ದು ಅವರಲ್ಲ. ಆ ಸಿದ್ಧಾಂತವನ್ನು ಒಪ್ಪದ ಫ್ರೆಡ್ ಹಾಯ್ಲ್, 1949ರಲ್ಲಿ, ಬಿಬಿಸಿ ರೇಡಿಯೊದಲ್ಲಿ.

ಆ 1931ರ ಟಿಪ್ಪಣಿಯ ಕರಡು ಉಳಿದಿದೆ. ಕೊನೆಯಲ್ಲಿ ದೇವರ ಬಗ್ಗೆ ಒಂದು ಪ್ಯಾರಾ ಇತ್ತು. ದೇವರನ್ನು ನಂಬುವವರು ಅವನು ಮರೆಯಲ್ಲಿರುವವನು ಅಂತಲೂ ನಂಬುತ್ತಾರೆ, ಇವತ್ತಿನ ಭೌತವಿಜ್ಞಾನ ಸೃಷ್ಟಿಗೆ ಒಂದು ತೆರೆ ಎಳೆಯೋದನ್ನು ನೋಡಿದರೆ ಅವರಿಗೆ ಸಂತೋಷವೇ ಆಗಬಹುದು ಅನ್ನುವ ಅರ್ಥದ ಮಾತು. ಪ್ರಕಟಣೆಗೆ ಮೊದಲು ಲೆಮೈತ್ರ್ ಅದನ್ನು ಹೊಡೆದುಹಾಕಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಹೊಡೆದ ಪ್ಯಾರಾದಿಂದ. ಅಲ್ಲಿ ಏನಿದೆ ಗಮನಿಸಿ. ವಿಜ್ಞಾನ ದೇವರನ್ನು ತೋರಿಸಿತು ಅಂತ ಅವರು ಬರೆದಿರಲಿಲ್ಲ, ತೆರೆ ಎಳೆಯಿತು ಅಂತ ಬರೆದಿದ್ದರು. ಅದು ಕೂಡ ವಿಜ್ಞಾನದ ಲೇಖನದಲ್ಲಿ ಇರಬಾರದು ಅಂತ ತೆಗೆದರು.

ಈಗ 1951ಕ್ಕೆ ಬನ್ನಿ. ನವೆಂಬರ್ 22ರಂದು ಪೋಪ್ ಹನ್ನೆರಡನೇ ಪಯಸ್ ತಮ್ಮ ವಿಜ್ಞಾನ ಅಕಾಡೆಮಿಯ ಮುಂದೆ ಭಾಷಣ ಮಾಡಿದರು. ಹೊಸ ಖಗೋಳವಿಜ್ಞಾನ ಸೃಷ್ಟಿಯ ಕ್ಷಣಕ್ಕೆ ಸಾಕ್ಷಿ ಹೇಳ್ತಾ ಇದೆ, ಆದ್ದರಿಂದ ಸೃಷ್ಟಿಕರ್ತ ಇದ್ದಾನೆ ಅನ್ನುವ ಧಾಟಿಯ ಮಾತು. ನಮ್ಮ ಫಾರ್ವರ್ಡಿನ ವಾದವೇ, ಬಹಳ ದೊಡ್ಡ ವೇದಿಕೆಯಿಂದ. ಯಾವ ಪಾದ್ರಿಗಾದರೂ ಹೆಮ್ಮೆ ಆಗಬೇಕಾದ ಹೊತ್ತು ಅಲ್ವಾ? ಲೆಮೈತ್ರ್ ಅವರಿಗೆ ಕಸಿವಿಸಿ ಆಯಿತು. ತಮ್ಮ ಸಿದ್ಧಾಂತ ಯಾವ ಧಾರ್ಮಿಕ ಪ್ರಶ್ನೆಗೂ ಸೇರಿದ್ದಲ್ಲ, ನಾಸ್ತಿಕನೂ ಅದನ್ನು ಒಪ್ಪಿಕೊಂಡು ನಾಸ್ತಿಕನಾಗಿಯೇ ಇರಬಹುದು ಅನ್ನೋದು ಅವರ ನಿಲುವು. 1952ರ ಸೆಪ್ಟೆಂಬರಿನಲ್ಲಿ ಜಗತ್ತಿನ ಖಗೋಳವಿಜ್ಞಾನಿಗಳು ರೋಮಿನಲ್ಲಿ ಸೇರಿದಾಗ ಪೋಪ್ ಅವರ ಮುಂದೆ ಮತ್ತೆ ಮಾತಾಡಿದರು. ಆ ವಾದವನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಅವರ ಕಸಿವಿಸಿಗೆ ಗಟ್ಟಿ ಕಾರಣ ಇತ್ತು. ಆಗಿನ ಅಳತೆಯ ಪ್ರಕಾರ ವಿಶ್ವ ಹಿಗ್ಗುವ ದರ, ಒಂದು ಮೆಗಾಪಾರ್ಸೆಕ್ ದೂರಕ್ಕೆ, ಸೆಕೆಂಡಿಗೆ ಸುಮಾರು 500 ಕಿಲೋಮೀಟರ್. ಇವತ್ತಿನ ಅಂಕಿ ಸುಮಾರು 70. ಆ 500ರಿಂದ ನೇರವಾಗಿ ಲೆಕ್ಕ ಹಾಕಿದರೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ. ಭೂಮಿಯ ಬಂಡೆಗಳ ವಯಸ್ಸು ಅದಕ್ಕಿಂತ ಜಾಸ್ತಿ ಬರ್ತಾ ಇತ್ತು. ಮಗನಿಗಿಂತ ಅಪ್ಪ ಚಿಕ್ಕವನು! ಜೊತೆಗೆ, ವಿಶ್ವಕ್ಕೆ ಆರಂಭವೇ ಇಲ್ಲ ಅನ್ನುವ ‘ಸ್ಟೆಡಿ ಸ್ಟೇಟ್’ ಸಿದ್ಧಾಂತ 1948ರಿಂದ ಎದುರಿಗೆ ನಿಂತಿತ್ತು. ಗೆಲಾಕ್ಸಿಗಳ ದೂರ ನಾವು ಅಂದುಕೊಂಡದ್ದಕ್ಕಿಂತ ದುಪ್ಪಟ್ಟು ಅಂತ ವಾಲ್ಟರ್ ಬಾಡೆ ಹೇಳಿದ್ದು ಅದೇ 1952ರ ರೋಮ್ ಸಭೆಯಲ್ಲಿ. ಅಂದರೆ ಪೋಪ್ ಸಾಕ್ಷಿ ಅಂತ ಕರೆದಾಗ ಆ ಸಾಕ್ಷಿಯ ಪಾಟೀಸವಾಲು ಇನ್ನೂ ನಡೀತಾ ಇತ್ತು.

ಮುಂದೆ ಬಿಗ್ ಬ್ಯಾಂಗ್ ಗೆದ್ದಿತು. ಆಕಾಶದ ಎಲ್ಲ ದಿಕ್ಕಿನಿಂದ ಬರುವ ಮೈಕ್ರೋವೇವ್ ವಿಕಿರಣವನ್ನು ಪೆನ್ಜಿಯಾಸ್ ಮತ್ತು ವಿಲ್ಸನ್ 1965ರಲ್ಲಿ ವರದಿ ಮಾಡಿದರು. 1966ರ ಜೂನ್‌ನಲ್ಲಿ ತೀರಿಕೊಳ್ಳುವ ಮೊದಲು ಲೆಮೈತ್ರ್ ಅವರಿಗೆ ಸುದ್ದಿ ಮುಟ್ಟಿತ್ತು. ಇವತ್ತು ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಅಂತೀವಿ. ಹಾಗಾದರೆ ಈಗಲಾದರೂ ಫಾರ್ವರ್ಡ್ ಸರಿ ಆಯ್ತಲ್ಲ ಅಂತ ಕೇಳಬಹುದು.

ಇಲ್ಲ. ಯಾಕೆ ಅಂತ ನಮ್ಮ ಕೆಲಸದ ಭಾಷೆಯಲ್ಲೇ ಹೇಳ್ತೀನಿ. ಒಂದು ಸರ್ವರ್ ಇದೆ ಅನ್ಕೊಳ್ಳಿ. ಯಾವಾಗ ಶುರುವಾಯಿತು, ಮೊದಲು ಯಾವ ಪ್ರೋಸೆಸ್ ಎದ್ದಿತು ಅನ್ನೋದು ಬೂಟ್ ಲಾಗ್‌ನಲ್ಲಿ ಸಿಗುತ್ತೆ. ಆ ಸರ್ವರಿಗೆ ಈ ಕ್ಷಣ ಕರೆಂಟ್ ಎಲ್ಲಿಂದ ಬರ್ತಾ ಇದೆ ಅನ್ನೋದು ಬೇರೆ ಪ್ರಶ್ನೆ. ಲಾಗ್ ಎಷ್ಟು ಹಿಂದಕ್ಕೆ ಓದಿದರೂ ಅದು ಸಿಗಲ್ಲ. ಭೌತವಿಜ್ಞಾನ ಓದೋದು ಲಾಗ್ ಅನ್ನು. ಸೃಷ್ಟಿ ಅಂದಾಗ ನಮ್ಮ ಹಿರಿಯರು ಹೇಳಿದ್ದು ಕರೆಂಟಿನ ವಿಷಯ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟರು. ಜಗತ್ತಿಗೆ ಆರಂಭ ಇತ್ತು ಅಂತ ವಿಶ್ವಾಸದಿಂದ ಒಪ್ಪುತ್ತೀವಿ, ತರ್ಕದಿಂದ ಸಾಧಿಸೋಕೆ ಆಗಲ್ಲ. ಜಗತ್ತು ಅನಾದಿಯಾಗಿದ್ದರೂ ಅದು ಪ್ರತಿ ಕ್ಷಣ ದೇವರನ್ನು ಆಧರಿಸಿಯೇ ಇರುತ್ತಿತ್ತು. ಅಂದರೆ ಸ್ಟೆಡಿ ಸ್ಟೇಟ್ ಗೆದ್ದಿದ್ದರೂ ಅಕ್ವಿನಾಸ್ ಸೋಲುತ್ತಿರಲಿಲ್ಲ.

ಹಾಗಾದರೆ ಹೋಲಿಕೆಗಳೆಲ್ಲ ವ್ಯರ್ಥವಾ? ಅಲ್ಲ. ಎರಡು ಹೋಲಿಕೆ ನನಗೆ ಬಹಳ ಇಷ್ಟ. ಒಂದು, ಕಾಲದ್ದು. ಜಗತ್ತನ್ನು ಮಾಡುವ ಮೊದಲು ದೇವರು ಏನು ಮಾಡ್ತಿದ್ದ ಅನ್ನೋ ಪ್ರಶ್ನೆಗೆ ಸಂತ ಅಗಸ್ಟೀನ್ ಸುಮಾರು 1600 ವರ್ಷದ ಹಿಂದೆ, ಕಾಲವೂ ಸೃಷ್ಟಿಯ ಜೊತೆಗೇ ಆದದ್ದು, ಆದ್ದರಿಂದ ‘ಮೊದಲು’ ಅನ್ನೋದಕ್ಕೇ ಅರ್ಥ ಇಲ್ಲ ಅಂದರು. ಸಾಪೇಕ್ಷತಾ ಸಿದ್ಧಾಂತದಲ್ಲೂ ಕಾಲ ಹೊರಗೆ ಗೋಡೆಗೆ ನೇತುಹಾಕಿದ ಗಡಿಯಾರ ಅಲ್ಲ, ಅದು ವಿಶ್ವದ ಭಾಗ. ಆದರೆ ಅಗಸ್ಟೀನ್ ಐನ್‌ಸ್ಟೈನ್‌ಗಿಂತ ಮೊದಲೇ ಕಂಡುಹಿಡಿದರು ಅಂದರೆ ಇಬ್ಬರಿಗೂ ಅನ್ಯಾಯ. ಒಬ್ಬರ ಹತ್ತಿರ ಪ್ರಾರ್ಥನೆ ಇತ್ತು, ಇನ್ನೊಬ್ಬರ ಹತ್ತಿರ ಸಮೀಕರಣ.

ಎರಡನೆಯದು ಜಾನ್ ಪೋಕಿಂಗ್‌ಹಾರ್ನ್ ಅವರದ್ದು. ಕೇಂಬ್ರಿಜ್‌ನಲ್ಲಿ ಗಣಿತೀಯ ಭೌತವಿಜ್ಞಾನದ ಪ್ರೊಫೆಸರ್ ಆಗಿದ್ದವರು. 1979ರಲ್ಲಿ ಹುದ್ದೆ ಬಿಟ್ಟರು, ಆಮೇಲೆ ಆಂಗ್ಲಿಕನ್ ಪಾದ್ರಿ ಆದರು. ಬೆಳಕು ಅಲೆಯೂ ಹೌದು, ಕಣವೂ ಹೌದು. ಕ್ರಿಸ್ತ ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು ಅಂತ ಕ್ರಿ.ಶ. 451ರ ಕ್ಯಾಲ್ಸಿಡನ್ ಸಭೆ ಹೇಳಿತು. ಎರಡೂ ಕಡೆ, ಕಂಡದ್ದಕ್ಕೆ ಮೋಸ ಮಾಡಬಾರದು ಅಂತಲೇ ವಿಚಿತ್ರವಾದ ಮಾತು ಆಡಬೇಕಾಯಿತು. ಈ ಹೋಲಿಕೆ ಕಲಿಸೋದು ಒಂದು ಪಾಠ: ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಕೆ ಆಗಲ್ಲ ಅನ್ನೋ ಒಂದೇ ಕಾರಣಕ್ಕೆ ಯಾವುದೂ ಸುಳ್ಳಾಗಲ್ಲ. ನಿಜ ಅಂತಲೂ ಅದರಿಂದ ಸಾಬೀತಾಗಲ್ಲ. ಬೆಳಕಿನ ಪ್ರಯೋಗವನ್ನು ಯಾವ ಲ್ಯಾಬಿನಲ್ಲಾದರೂ ಮತ್ತೆ ಮಾಡಬಹುದು. ಕ್ರಿಸ್ತನ ವಿಷಯದಲ್ಲಿ ನಮಗಿರೋದು ಸಾಕ್ಷಿ ಹೇಳಿದವರ ಮಾತು ಮತ್ತು ಬದುಕಿ ನೋಡುವ ದಾರಿ.

ಇಷ್ಟು ಕೂದಲು ಸೀಳೋದು ಯಾಕೆ? ಊರು ಬಿಟ್ಟು ಬಂದ ನಮ್ಮ ಮಕ್ಕಳಿಗೆ ಅಜ್ಜಿಯ ಪ್ರಾರ್ಥನೆ, ಊರಿನ ಹಬ್ಬ ದಿನಾ ಸಿಗಲ್ಲ. ಆ ಜಾಗ ತುಂಬೋಕೆ ನಾವು ‘ವಿಜ್ಞಾನವೂ ಒಪ್ಪಿದೆ’ ಅನ್ನೋ ಸರ್ಟಿಫಿಕೇಟ್ ಕೊಡ್ತೀವಿ. ಹನ್ನೊಂದನೇ ಕ್ಲಾಸಿನಲ್ಲಿ ಭೌತವಿಜ್ಞಾನ ಸರಿಯಾಗಿ ಓದಿದ ಮಗು ಆ ಸರ್ಟಿಫಿಕೇಟ್ ನಕಲಿ ಅಂತ ಕಂಡುಹಿಡಿಯುತ್ತೆ. ಆಗ ಅದು ಫಾರ್ವರ್ಡ್ ಒಂದನ್ನೇ ಬಿಡಲ್ಲ, ವಿಶ್ವಾಸವನ್ನೂ ಬಿಡುತ್ತೆ, ಅಪ್ಪ ಅಮ್ಮ ನಿಜ ಹೇಳ್ತಾರೆ ಅನ್ನೋ ಭರವಸೆಯನ್ನೂ ಬಿಡುತ್ತೆ.

ಕನ್ನಡದಲ್ಲಿ ‘ವಿಶ್ವಾಸ’ ಅನ್ನೋ ಮಾತು ಚೆನ್ನಾಗಿದೆ. ‘ಅವರಿಗೆ ನಮ್ಮ ಮೇಲೆ ತುಂಬಾ ವಿಶ್ವಾಸ’ ಅಂದರೆ ಪ್ರೀತಿ, ನೆಚ್ಚಿಕೆ ಎರಡೂ ಬಂತು. ಅದು ಒಬ್ಬ ವ್ಯಕ್ತಿಯ ಮೇಲೆ ಇಡುವಂಥದ್ದು, ಟೆಲಿಸ್ಕೋಪಿನ ಅಂಕಿಯ ಮೇಲಲ್ಲ. ಲೆಮೈತ್ರ್ ಬೆಳಿಗ್ಗೆ ಬಲಿಪೂಜೆ ಅರ್ಪಿಸುತ್ತಿದ್ದರು, ಆಮೇಲೆ ಸಮೀಕರಣ ಬಿಡಿಸುತ್ತಿದ್ದರು. ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸಲಿಲ್ಲ.

ಮುಂದೆ ಮನೆಯಲ್ಲಿ ಮಗು ಬಿಗ್ ಬ್ಯಾಂಗ್ ಬಗ್ಗೆ ಕೇಳಿದರೆ ಮೊದಲು ಭೌತವಿಜ್ಞಾನವನ್ನು ಸರಿಯಾಗಿ ಹೇಳಿಕೊಡಿ. ದೇವರ ಬಗ್ಗೆ ಕೇಳಿದರೆ ನೀವು ಯಾಕೆ ನಂಬಿದ್ದೀರಿ, ಅಥವಾ ಯಾಕೆ ನಂಬಲ್ಲ, ಅದನ್ನೇ ಹೇಳಿ. ಎರಡೂ ಉತ್ತರ ಮಕ್ಕಳಿಗೆ ಬೇಕು.