ಪಾಚಿಯ ಹಸಿರು ಮತ್ತು ಮಿದುಳಿನ ಮುಪ್ಪು
(ವಡಗೇರಾದ ರೈತ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಮತ್ತು ಭೀಮಾಶಂಕರದಲ್ಲಿ ಹುಟ್ಟುವ ಭೀಮೆ, ಇವೆರಡರ ನಡುವಣ ನೆಲ ವಡಗೇರಾ. ಬೆಟ್ಟದಲ್ಲಿ ನೀರಿಗೆ ಸೇರಿದ್ದು ಬಯಲಿಗೆ ಬರುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಬಳಿಕ ಶಹಾಪುರ, ವಡಗೇರಾ ಭಾಗದಲ್ಲಿ ಭತ್ತ ಹಬ್ಬಿತು. ನಿಂತ ನೀರಿನೊಡನೆ ಪಾಚಿಯೂ ಹೆಚ್ಚಿತು.

ಪಾಚಿ ರೈತನ ಹಗೆಯಲ್ಲ. ಗದ್ದೆಯ ನೀಲಿ-ಹಸಿರು ಪಾಚಿಯು ಗಾಳಿಯ ಸಾರಜನಕವನ್ನು ಹಿಡಿದು ಭತ್ತಕ್ಕೆ ಒದಗಿಸುತ್ತದೆಂದು ಪಿ.ಕೆ. ಡೇ ಅವರು 1939ರಲ್ಲಿಯೇ ತೋರಿಸಿದರು. ಇಂದು ಸೂಕ್ಷ್ಮ ಪಾಚಿಗಳ ಸಾರವು ಮಿದುಳನ್ನೂ ಕಾಯಬಲ್ಲದೆಂಬ ಮಾತು ಪುಡಿ, ಗುಳಿಗೆಗಳ ರೂಪದಲ್ಲಿ ಹಳ್ಳಿಯ ಬಾಗಿಲಿಗೂ ಬಂದಿದೆ. ಮನೆಯ ಹಿರಿಯರು ಮಗನ ಹೆಸರನ್ನೇ ಮರೆಯುವಾಗ, ಅಂಥ ಭರವಸೆಗೆ ಹಣ ಸುರಿಯುವುದು ಸಹಜ. ಆದುದರಿಂದ ಈ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ಅಳೆಯಬೇಕಾಗಿದೆ.

ಆಲ್‌ಝೈಮರ್ ಮತ್ತು ಕಂಪವಾತಗಳಲ್ಲಿ ಕೆಲವು ಪ್ರೋಟೀನುಗಳು ಗಂಟುಗಟ್ಟಿ ನರಕೋಶಗಳು ಕ್ರಮೇಣ ಸಾಯುತ್ತವೆ. ಉತ್ಕರ್ಷಣದ ಹಾನಿಯೂ ಉರಿಯೂತವೂ ಈ ಕೇಡನ್ನು ಬೆಳೆಸುತ್ತವೆ. ಸ್ಪಿರುಲಿನಾದ ನೀಲಿ ವರ್ಣದ್ರವ್ಯ ಫೈಕೋಸಯಾನಿನ್, ಹೆಮಟೊಕಾಕಸ್ ಪಾಚಿಯ ಕೆಂಪು ಅಸ್ಟಾಕ್ಸಾಂಥಿನ್ ಇವು ಇಂಥ ಹಾನಿಯನ್ನು ತಗ್ಗಿಸುವುದು ಕೋಶಗಳಲ್ಲಿಯೂ ಇಲಿಗಳಲ್ಲಿಯೂ ಕಂಡುಬಂದಿದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು 1970ರ ದಶಕದಿಂದ ಪಾಚಿ ಬೇಸಾಯದ ಮೇಲೆ ಕೆಲಸ ಮಾಡಿದ್ದು, ಈ ಎರಡು ಪಾಚಿಗಳನ್ನೂ ಅಭ್ಯಸಿಸಿದೆ. ಆಸೆಗೆ ಆಧಾರವಿಲ್ಲದೆ ಇಲ್ಲ.

ಆದರೆ ಇಲಿಯ ಮಿದುಳು ಅಜ್ಜನ ಮಿದುಳಲ್ಲ. ಪಾಚಿಯಿಂದ ತೆಗೆದ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲವನ್ನು ಅಮೆರಿಕೆಯಲ್ಲಿ 402 ಮಂದಿ ಆಲ್‌ಝೈಮರ್ ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. ಒಂದು ಗುಂಪಿಗೆ ದಿನಕ್ಕೆ 2 ಗ್ರಾಂ ಡಿಎಚ್‌ಎ, ಇನ್ನೊಂದಕ್ಕೆ ಹುಸಿ ಗುಳಿಗೆ, 18 ತಿಂಗಳ ಕಾಲ. 2010ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಮರೆವಿನ ಇಳಿಜಾರು ನಿಧಾನವಾಗಲಿಲ್ಲ. ರೋಗ ಬರುವ ಮುನ್ನವೇ ಕೊಟ್ಟರೆ ಉಪಯೋಗವಾದೀತೇ ಎಂಬ ಪ್ರಶ್ನೆ ಉಳಿದಿದೆ. ಪ್ರಶ್ನೆಯನ್ನು ಔಷಧವೆಂದು ಮಾರುವುದು ಮಾತ್ರ ತಪ್ಪು.

ಇದಕ್ಕೊಂದು ಮಗ್ಗುಲೂ ಇದೆ. ಪಾಚಿಯ ಬಳಗದಲ್ಲಿ ಕಾಯುವವರಿರುವಂತೆ ಕೊಲ್ಲುವವರೂ ಇದ್ದಾರೆ. ಮೈಕ್ರೊಸಿಸ್ಟಿಸ್ ಜಾತಿಯ ನೀಲಿ-ಹಸಿರು ಪಾಚಿಗಳ ವಿಷ ಯಕೃತ್ತನ್ನು ಕೆಡಿಸುತ್ತದೆ. ಅದು ಕುದಿಸಿದರೂ ಹೋಗದು. ಗುವಾಮ್ ದ್ವೀಪದಲ್ಲಿ ಹೆಚ್ಚಾಗಿ ಕಂಡ ನರರೋಗಕ್ಕೂ, ಸೈಕಾಡ್ ಮರದ ಬೇರಿನಲ್ಲಿರುವ ನಾಸ್ಟಾಕ್ ಪಾಚಿ ತಯಾರಿಸುವ ಬಿಎಂಎಎ ಎಂಬ ವಸ್ತುವಿಗೂ ನಂಟಿದೆಯೆಂಬ ವಾದ 2000ದ ದಶಕದಿಂದ ಚರ್ಚೆಯಲ್ಲಿದೆ. ಅದು ಇನ್ನೂ ಇತ್ಯರ್ಥವಾಗಿಲ್ಲ. ಆದ್ದರಿಂದ ಕೆರೆಯ ಮೇಲಿನ ಹಸಿರು ಕೆನೆಯನ್ನು ಒಣಗಿಸಿ ತಿನ್ನುವುದು, ದನಕರುಗಳಿಗೆ ಆ ನೀರು ಕುಡಿಸುವುದು ಅಪಾಯಕರ. ಸ್ಪಿರುಲಿನಾವನ್ನು ಶುದ್ಧವಾದ ಕ್ಷಾರೀಯ ತೊಟ್ಟಿಗಳಲ್ಲಿ ಬೆಳೆಸಿ, ಪರೀಕ್ಷಿಸಿದ ಮೇಲೆಯೇ ಬಳಸಬೇಕು.

ಇನ್ನು ಮಾಡಬಹುದಾದುದು. ಅರವತ್ತಕ್ಕೆ ಅರಳುಮರಳು ಎಂದು ಹಿರಿಯರ ಮರೆವನ್ನು ತಳ್ಳಿಹಾಕಬಾರದು. ಬಿ-12 ಜೀವಸತ್ತ್ವದ ಕೊರತೆ, ಥೈರಾಯ್ಡ್ ದೋಷಗಳಿಂದ ಬಂದ ಮರೆವನ್ನು ಬಹುಪಾಲು ಗುಣಪಡಿಸಬಹುದು. ವೈದ್ಯರು ನೋಡಬೇಕು, ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗೆ ಕಳಿಸಬೇಕು. ರಕ್ತದೊತ್ತಡ, ಸಕ್ಕರೆ, ಕಿವುಡುತನ, ಒಂಟಿತನ ಮುಂತಾದ 14 ಅಪಾಯಕಾರಣಗಳನ್ನು ನಿವಾರಿಸಿದರೆ ಸುಮಾರು ಶೇ. 45ರಷ್ಟು ಮರೆವಿನ ರೋಗವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಅಂದಾಜಿಸಿತು. ಇವಕ್ಕೆ ದುಬಾರಿ ಗುಳಿಗೆ ಬೇಕಾಗಿಲ್ಲ.

ಗದ್ದೆಯಿಂದ ಹರಿದುಹೋಗುವ ಯೂರಿಯಾ, ರಂಜಕಗಳೇ ಕೆರೆಯ ವಿಷಪಾಚಿಗೆ ಮೇವು. ಮಣ್ಣು ಪರೀಕ್ಷೆಯಂತೆ ಗೊಬ್ಬರವನ್ನು ಕಂತುಕಂತಾಗಿ ಕೊಟ್ಟರೆ ಹಣವೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಬೆಟ್ಟದವರು ನದಿಯ ಮೂಲವನ್ನು ಕಾಯಲಿ, ಬಯಲಿನವರು ಅದರ ಹರಿವನ್ನು ಕಾಯಲಿ. ಮಿದುಳಿನ ಮೊದಲ ರಕ್ಷೆ ಶುದ್ಧವಾದ ನೀರಿನಲ್ಲಿದೆ.