ಗುಣವಾದ ಮೇಲೆ ಕೆಲಸವೇ?



ಮಾನಸಿಕ ಆರೋಗ್ಯ ಎಂದ ಕೂಡಲೇ ನಾವು ಒತ್ತಡ, ಯೋಗ, ಧ್ಯಾನದ ಮಾತು ಆಡುತ್ತೇವೆ. ಅದೂ ಬೇಕು. ಆದರೆ ಇಂದು ನಾನು ಹೇಳಹೊರಟಿರುವುದು ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಕಾಯಿಲೆಗೆ ಚಿಕಿತ್ಸೆ ಪಡೆದು, ಹತೋಟಿಗೆ ಬಂದು, ಮನೆಯಲ್ಲಿ ಸುಮ್ಮನೆ ಕುಳಿತವರ ವಿಷಯ. ನಮ್ಮ ಊರಿನ ಒಂದೂವರೆ ಕೋಣೆಯ ಮನೆಯಲ್ಲಿ ಮೂವತ್ತೈದರ ಮಗಳು ದಿನವಿಡೀ ಟಿವಿ ಮುಂದೆ. ನೆಂಟರು ಬಂದರೆ ಒಳಗೆ. “ಪೂರ್ತಿ ಗುಣವಾಗಲಿ, ಆಮೇಲೆ ಕೆಲಸ ನೋಡೋಣ” ಎನ್ನುತ್ತೇವೆ. ಆ ‘ಆಮೇಲೆ’ ಬರುವುದೇ ಇಲ್ಲ. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವವರು ಮಾತ್ರ ಬೇಗ ಬರುತ್ತಾರೆ!

ಈ ಕ್ರಮವೇ ತಲೆಕೆಳಗು ಎಂದು ತೋರಿಸಿದವರಿದ್ದಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಎಂಬವರು 1990ರ ದಶಕದಲ್ಲಿ ಬೇರೆ ದಾರಿ ಹಿಡಿದರು. ವರ್ಷಗಟ್ಟಲೆ ಮೇಣದಬತ್ತಿ ಮಾಡಿಸಿ ತರಬೇತಿ ಕೊಡುವ ಬದಲು, ಇಷ್ಟಪಟ್ಟವರನ್ನು ನೇರವಾಗಿ ನಿಜವಾದ ಕೆಲಸಕ್ಕೆ ಸೇರಿಸಿ, ಅಲ್ಲಿಯೇ ಬೆಂಬಲ ಕೊಡುವುದು. ಹಳೆಯ ಪದ್ಧತಿಗಿಂತ ಸುಮಾರು ಎರಡು ಪಟ್ಟು ಜನರಿಗೆ ಇದರಿಂದ ಕೆಲಸ ಸಿಕ್ಕಿದೆಯೆಂದು ಅನೇಕ ದೇಶಗಳ ಅಧ್ಯಯನಗಳು ಹೇಳುತ್ತವೆ. ಮಾತ್ರೆ ಬಿಡಬೇಕೆಂದಲ್ಲ. ಮಾತ್ರೆಯೂ ಇರಲಿ, ಕೆಲಸವೂ ಇರಲಿ.

ಅಷ್ಟು ದೂರ ಯಾಕೆ, ನಮ್ಮ ದೇವನಾರ್‌ನ ಟಾಟಾ ಸಮಾಜವಿಜ್ಞಾನ ಸಂಸ್ಥೆ 2011ರಲ್ಲಿ ‘ತರಾಶಾ’ ಎಂಬ ಯೋಜನೆ ಶುರುಮಾಡಿತು. ಮಾನಸಿಕ ಆಸ್ಪತ್ರೆಯಲ್ಲಿ ಗುಣಮುಖರಾದರೂ ಕರೆದೊಯ್ಯಲು ಯಾರೂ ಬಾರದ ಹೆಂಗಸರಿಗಾಗಿ ಅದು. ಅವರನ್ನು ಇನ್ನೊಂದು ಆಶ್ರಮಕ್ಕೆ ಸಾಗಿಸುವುದಿಲ್ಲ; ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್‌ನಲ್ಲಿ ಇರಿಸಿ, ಔಷಧ, ಆಪ್ತಸಲಹೆಯ ಜೊತೆ ಕೆಲಸ ಕಲಿಸಿ, ಉದ್ಯೋಗಕ್ಕೆ ಸೇರಿಸುತ್ತಾರೆ. ಮನೆಯವರೇ ಕೈಬಿಟ್ಟವಳು ಲೋಕಲ್ ಹತ್ತಿ ಕೆಲಸಕ್ಕೆ ಹೋಗಿ, ಸಂಜೆ ತನ್ನ ದುಡ್ಡಿನಲ್ಲಿ ವಡಾಪಾವ್ ತಿನ್ನುವುದನ್ನು ಸ್ವಲ್ಪ ಊಹಿಸಿ.

ಕಾನೂನೂ ಅವರ ಪರವಾಗಿದೆ. ಮನೆಯವರು ಬೇಡವೆಂದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಹುದ್ದೆಗಳ ಶೇ. 4 ಮೀಸಲಾತಿಯಿದೆ. ಅದರಲ್ಲಿ ಶೇ. 1ನ್ನು ಮಾನಸಿಕ ಕಾಯಿಲೆಯವರು ಇನ್ನೂ ಕೆಲವು ಗುಂಪುಗಳ ಜೊತೆ ಹಂಚಿಕೊಳ್ಳಬೇಕು. ಖಾಸಗಿಯವರಿಗೆ ಆ ಕಟ್ಟುಪಾಡಿಲ್ಲ. ಅಲ್ಲಿ ಬೇಕಾಗಿರುವುದು ಮನಸ್ಸು.

ಅಲ್ಲಿಗೇ ನಮ್ಮ ಪಾಲು ಬರುತ್ತದೆ. ಈ ಸಭೆಯಲ್ಲಿ ಹೋಟೆಲ್, ಕೇಟರಿಂಗ್, ಬ್ಯೂಟಿಪಾರ್ಲರ್, ಟೈಲರಿಂಗ್ ನಡೆಸುವ ಮನೆಯವರು ಎಷ್ಟು ಮಂದಿಯಿಲ್ಲ! ಒಬ್ಬರನ್ನು ಸೇರಿಸಿಕೊಳ್ಳಲು ಬೇಕಾದದ್ದು ಅಲ್ಪ. ಕೆಲವು ಮಾತ್ರೆಗಳಿಂದ ಬೆಳಿಗ್ಗೆ ಮಂಪರು ಇರುತ್ತದೆ, ಹಾಗಾಗಿ ಹನ್ನೊಂದಕ್ಕೆ ಬರಲಿ. ರಾತ್ರಿ ಪಾಳಿ ಬೇಡ, ಬೈಪೋಲಾರ್ ಇದ್ದವರಿಗೆ ನಿದ್ದೆ ಕೆಟ್ಟರೆ ಕಾಯಿಲೆ ಮರುಕಳಿಸಬಹುದು. ಡಾಕ್ಟರ ಬಳಿ ಹೋಗುವ ದಿನ ರಜೆ ಕೊಡಿ. ಕಾಯಿಲೆಯ ವಿಷಯ ಸಹೋದ್ಯೋಗಿಗಳಿಗೆ ಹೇಳಬೇಕೋ ಬೇಡವೋ, ಅವರೇ ನಿರ್ಧರಿಸಲಿ. ಸಂಬಳ ಉಳಿದವರಷ್ಟೇ, ಅದೂ ಅವರದೇ ಖಾತೆಗೆ. ಅಣ್ಣನ ಕೈಗಲ್ಲ, ದಯವಿಟ್ಟು.

ನಡುವೆ ಕಾಯಿಲೆ ಹೆಚ್ಚಾಗಬಹುದು. ಒಂದೆರಡು ವಾರ ಬಾರದೆ ಇರಬಹುದು. ಸಕ್ಕರೆ ಕಾಯಿಲೆಯವರು ಆಸ್ಪತ್ರೆಗೆ ಸೇರಿದರೆ ಜಾಗ ಕಾದಿರಿಸುತ್ತೇವಲ್ಲ, ಹಾಗೆಯೇ ಇವರಿಗೂ ಕಾದಿರಿಸಿ.

ಮಾತಾಡಲು ಯಾರೂ ಇಲ್ಲವೆನಿಸಿದವರು, ಮನೆಯವರೂ ಕೂಡ, 14416ಕ್ಕೆ ಫೋನ್ ಮಾಡಬಹುದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ ಅದು. 2022ರಿಂದ ಇದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಕೆಲಸ ಕೊಡಬಲ್ಲವರು, ಕೆಲಸ ಬೇಕಾದವರು ಊಟದ ಹೊತ್ತಿಗೆ ನನ್ನನ್ನು ಕಾಣಿ. ಎಲ್ಲರ ಎದುರು ಹೇಳಬೇಕೆಂದಿಲ್ಲ.